ಕೆರೆಯಿಂದ ಕೊಯ್ದ ಕೋಟೆಗಳು

ಸಂಕ್ರಾಂತಿ ಹತ್ತಿರ ಬಂತೆಂದರೆ ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಮಕ್ಕಳಿಂದ ನಮ್ಮ ಮನೆಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಒಂದು ಬಗೆಯ ಫೋಟೊಗಳು ಬರತೊಡಗುತ್ತವೆ. ನೀಲಿ, ನೇರಳೆ ದೀಪ ಹಾಕಿದ ಮಂಜುಗಡ್ಡೆಯ ಗೋಡೆ, ಕಮಾನು, ಬುರುಜು. ಮುಂದೆ ಮೂಗು ಕೆಂಪಾದ ಮೊಮ್ಮಕ್ಕಳು. ನಾವು ಇಲ್ಲಿಂದ ಒಂದು ಹೆಬ್ಬೆರಳು ಒತ್ತಿ ಮುಂದಿನ ಸುದ್ದಿಗೆ ಹೋಗುತ್ತೇವೆ. ಆ ಗೋಡೆಯ ನೀರು ಯಾವ ಕೆರೆಯದು, ಕಟ್ಟಿದವರು ಯಾರು, ಯಾರಿಗೋಸ್ಕರ ಕಟ್ಟಿದರು ಎಂದು ಕೇಳುವವರು ಕಡಿಮೆ. ಇವನ್ನು ಕೇಳಲೇಬೇಕು ಎನ್ನುವುದು ನನ್ನ ಮಾತು. ಮಂಜಿನ ಅರಮನೆಗಳಿಗೆ ಸುಮಾರು ಮುನ್ನೂರು ವರ್ಷಗಳ ಚರಿತ್ರೆಯಿದೆ. ಒಂದೊಂದರ ಬೆಲೆಯೂ ಗೊತ್ತಾಗುವುದು ಈ ಪ್ರಶ್ನೆಗಳಿಗೆ ಸಿಗುವ ಉತ್ತರದಿಂದಲೇ.

ಬಹಳ ಹೆಸರಾದ ಮೊದಲ ಮಂಜಿನ ಮನೆ ಎದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1739-40ರ ಚಳಿಗಾಲ ಯುರೋಪಿನಾದ್ಯಂತ ಭೀಕರವಾಗಿತ್ತು. ಸಾಮ್ರಾಜ್ಞಿ ಅನ್ನಾ ಇವಾನೋವ್ನಾಳ ಆಸ್ಥಾನ ಆ ಚಳಿಯನ್ನೇ ಒಂದು ವಿನೋದವಾಗಿ ಮಾಡಿಕೊಂಡಿತು. ಪ್ಯೋತ್ರ್ ಯೆರೋಪ್ಕಿನ್ ಎಂಬ ವಾಸ್ತುಶಿಲ್ಪಿ ನೀವಾ ನದಿಯ ಮಂಜುಗಡ್ಡೆಯಿಂದ ಸುಮಾರು 17 ಮೀಟರ್ ಉದ್ದ, 5 ಮೀಟರ್ ಅಗಲ, 6 ಮೀಟರ್ ಎತ್ತರದ ಮನೆಯೊಂದನ್ನು ಕಟ್ಟಿದ. ಗಡ್ಡೆಗಳನ್ನು ಚೌಕಾಕಾರವಾಗಿ ಕೊಯ್ದು, ಒಂದರ ಮೇಲೊಂದಿಟ್ಟು, ನಡುವೆ ನೀರು ಸುರಿದರೆ ಸಾಕು, ಕ್ಷಣದಲ್ಲಿ ಬೆಸೆದುಕೊಳ್ಳುತ್ತಿದ್ದವು. ಅಲ್ಲಿನ ವಿಜ್ಞಾನ ಅಕಾಡೆಮಿಯ ಗೇಯೋರ್ಗ್ ಕ್ರಾಫ್ಟ್ ಎಂಬ ವಿದ್ವಾಂಸ ಮರುವರ್ಷವೇ ಅದರ ಅಳತೆ, ಚಿತ್ರಗಳನ್ನು ಸೇರಿಸಿ ಪುಸ್ತಕ ಬರೆದಿಟ್ಟದ್ದರಿಂದ ನಮಗೆ ಇಷ್ಟೆಲ್ಲ ವಿವರ ಸಿಕ್ಕಿದೆ. ಮನೆಯೊಳಗೆ ಮಂಚ, ಹಾಸಿಗೆ, ದಿಂಬು, ಮೇಜು, ಮೇಜಿನ ಮೇಲೆ ಗಡಿಯಾರ, ಎಲ್ಲವೂ ಮಂಜುಗಡ್ಡೆ. ಒಲೆಯಲ್ಲಿದ್ದ ಮಂಜುಗಡ್ಡೆಯ ಸೌದೆಗೆ ಎಣ್ಣೆ ಸವರಿ ಬೆಂಕಿ ಹಚ್ಚುತ್ತಿದ್ದರು. ಹೊರಗೆ ಮಂಜುಗಡ್ಡೆಯ ಫಿರಂಗಿಗಳಿದ್ದವು, ಅವು ನಿಜವಾಗಿಯೂ ಸಿಡಿಯುತ್ತಿದ್ದವು. ಪಕ್ಕದಲ್ಲಿ ಸೊಂಡಿಲಿನಿಂದ ನೀರು ಚಿಮ್ಮಿಸುವ ಮಂಜುಗಡ್ಡೆಯ ಆನೆ.

ಇಷ್ಟು ಕೌಶಲ ಖರ್ಚಾದದ್ದು ಒಬ್ಬ ಮನುಷ್ಯನನ್ನು ಅವಮಾನಿಸಲು. ಮಿಖಾಯಿಲ್ ಗೊಲಿಟ್ಸಿನ್ ಎಂಬ ರಾಜಮನೆತನದವನು ಕ್ಯಾಥೊಲಿಕ್ ಹೆಣ್ಣನ್ನು ಮದುವೆಯಾದನೆಂದು ಸಾಮ್ರಾಜ್ಞಿ ಅವನನ್ನು ಆಸ್ಥಾನದ ವಿದೂಷಕನನ್ನಾಗಿ ಇಳಿಸಿದ್ದಳು. ಆ ಹೆಂಡತಿ ತೀರಿಕೊಂಡ ಮೇಲೆ, 1740ರ ಫೆಬ್ರವರಿಯಲ್ಲಿ, ತನ್ನ ಸೇವಕಿಯೊಬ್ಬಳ ಜೊತೆ ಬಲವಂತವಾಗಿ ಮದುವೆ ಮಾಡಿಸಿ, ಇಬ್ಬರನ್ನೂ ಪಂಜರದಲ್ಲಿ ಕೂರಿಸಿ ಆನೆಯ ಮೇಲೆ ಮೆರವಣಿಗೆ ಮಾಡಿಸಿ, ರಾತ್ರಿಯಿಡೀ ಆ ಮಂಜಿನ ಹಾಸಿಗೆಯ ಮೇಲೆ ಮಲಗಿಸಿದಳು. ಹೊರಗೆ ಬಾರದಂತೆ ಬಾಗಿಲಿಗೆ ಕಾವಲಿತ್ತು. ದಂಪತಿ ಹೇಗೋ ಬದುಕಿ ಉಳಿದರು. ಕಟ್ಟಿದ ಯೆರೋಪ್ಕಿನ್ ಉಳಿಯಲಿಲ್ಲ, ಅದೇ ವರ್ಷ ರಾಜದ್ರೋಹದ ಆರೋಪದ ಮೇಲೆ ಅವನ ತಲೆ ಹಾರಿಸಿದರು. ಅನ್ನಾ ಕೂಡ ಆ ವರ್ಷ ಮುಗಿಯುವ ಮೊದಲೇ ಸತ್ತಳು. ಈ ಮನೆಯ ಸೊಬಗನ್ನು ಹೊಗಳುವ ಬರಹಗಳನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ಆ ಇಬ್ಬರು ಕಳೆದ ರಾತ್ರಿ.

ಮಂಜುಗಡ್ಡೆ ಕಟ್ಟಡದ ಸಾಮಗ್ರಿಯಾಗಿ ಒದಗುವುದು ಹೇಗೆ ಎಂಬುದನ್ನೂ ಸ್ವಲ್ಪ ನೋಡೋಣ. ನಮ್ಮ ಫ್ರಿಜ್ಜಿನ ಐಸ್ ತುಂಡಿನ ನಡುವೆ ಬಿಳಿಯ ಮಸುಕು ಇರುತ್ತದಲ್ಲ, ಅದು ಸಿಕ್ಕಿಬಿದ್ದ ಗಾಳಿ. ಎಲ್ಲ ಕಡೆಯಿಂದಲೂ ಒಟ್ಟಿಗೆ ಹೆಪ್ಪುಗಟ್ಟುವಾಗ ನೀರಿನಲ್ಲಿ ಕರಗಿದ ಗಾಳಿಗೆ ಹೊರಹೋಗಲು ದಾರಿ ಸಿಗುವುದಿಲ್ಲ. ಕೆರೆ, ನದಿಗಳಲ್ಲಿ ಹಾಗಲ್ಲ. ಮಂಜುಗಡ್ಡೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬೆಳೆಯುತ್ತ, ಗಾಳಿಯನ್ನೂ ಲವಣಗಳನ್ನೂ ಕೆಳಗಿನ ನೀರಿಗೆ ತಳ್ಳುತ್ತ ಹೋಗುತ್ತದೆ. ಹರಿಯುವ ನೀರಾದರೆ ಇನ್ನೂ ಒಳ್ಳೆಯದು, ಗುಳ್ಳೆಗಳು ಅಂಟಿಕೊಳ್ಳಲು ಬಿಡದೆ ತೊಳೆದುಕೊಂಡು ಹೋಗುತ್ತದೆ. ಹೀಗಾಗಿ ಗಾಜಿನಷ್ಟು ತಿಳಿಯಾದ ಗಡ್ಡೆ ಸಿಗುತ್ತದೆ. ದಪ್ಪ ಗೋಡೆಯಲ್ಲಿ ಕಾಣುವ ತಿಳಿನೀಲಿಗೂ ಯಾರೂ ಬಣ್ಣ ಬೆರೆಸಿಲ್ಲ. ಬೆಳಕಿನ ಕೆಂಪು ಅಂಶವನ್ನು ಮಂಜುಗಡ್ಡೆ ಸ್ವಲ್ಪ ಹೀರಿಕೊಳ್ಳುವುದರಿಂದ ನೀಲಿ ಉಳಿದು ಕಣ್ಣಿಗೆ ಬರುತ್ತದೆ. ಆದ್ದರಿಂದ ಹಗಲಲ್ಲೂ ಒಮ್ಮೆ ಹೋಗಿ ನೋಡಬೇಕು. ರಾತ್ರಿಯ ಎಲ್‌ಇಡಿ ದೀಪಗಳು ಆ ನೀಲಿಯನ್ನು ಪೂರ್ತಿ ಮುಚ್ಚಿಬಿಡುತ್ತವೆ.

ಕೊಯ್ಲು ದೊಡ್ಡ ಕೆಲಸ. ಮೊದಲು ಮೇಲಿನ ಹಿಮ ಗುಡಿಸಬೇಕು, ಹಿಮ ಹೊದ್ದ ಕೆರೆ ತಣ್ಣಗಾಗುವುದು ನಿಧಾನ. ಗಡ್ಡೆ ಸಾಕಷ್ಟು ದಪ್ಪಗಾದ ಮೇಲೆ ಚೌಕಗಳ ಗೆರೆ ಹಾಕಿ, ಗರಗಸದಿಂದ ಮುಕ್ಕಾಲು ಆಳಕ್ಕೆ ಕೊಯ್ದು, ಹಾರೆಯಿಂದ ಮೀಟಿ ಬಿಡಿಸುತ್ತಾರೆ. ಬಿಡಿಸಿದ ತುಂಡುಗಳನ್ನು ಉದ್ದನೆಯ ಕೊಕ್ಕೆಗೋಲಿನಿಂದ ನೀರಿನ ಕಾಲುವೆಯಲ್ಲಿ ತೇಲಿಸಿ ದಡಕ್ಕೆ ತರುತ್ತಾರೆ. ಈ ಕಸುಬು ಹುಟ್ಟಿದ್ದು ಅರಮನೆಗಳಿಗಾಗಿ ಅಲ್ಲ. ಫ್ರಿಜ್ಜು ಬರುವ ಮೊದಲು ಅಮೆರಿಕದ ಉತ್ತರದ ಕೆರೆಗಳಿಂದ ಮಂಜುಗಡ್ಡೆ ಕೊಯ್ದು ಊರೂರಿಗೆ ಮಾರುವುದು ದೊಡ್ಡ ವ್ಯಾಪಾರವಾಗಿತ್ತು. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಹಡಗಿನಲ್ಲಿ ಕಲ್ಕತ್ತೆಗೂ ಅದನ್ನು ಕಳಿಸಿದ. ನಾಲ್ಕು ತಿಂಗಳ ಪ್ರಯಾಣದಲ್ಲಿ ಕರಗಿದ್ದು ಕರಗಿ ಸುಮಾರು 100 ಟನ್ ಉಳಿದೇ ಬಂದಿತ್ತು. ಆ ವ್ಯಾಪಾರಕ್ಕೆಂದು ಮದರಾಸಿನಲ್ಲಿ ಕಟ್ಟಿದ ಉಗ್ರಾಣವೇ ಮರೀನಾ ಬೀಚಿನ ಎದುರಿನ ಐಸ್ ಹೌಸ್. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು, ಈಗ ಅದು ಅವರ ಹೆಸರಿನ ಸ್ಮಾರಕ. ಚೆನ್ನೈಗೆ ಹೋದ ಕನ್ನಡಿಗರು ನೋಡಿಯೇ ಇರುತ್ತಾರೆ.

ಉತ್ತರ ಅಮೆರಿಕದಲ್ಲಿ ಮಂಜಿನ ಅರಮನೆಗಳು 1880ರ ದಶಕದಲ್ಲಿ ಒಮ್ಮೆಗೇ ಎದ್ದು ನಿಂತದ್ದಕ್ಕೆ ಈ ವ್ಯಾಪಾರವೇ ಬೆನ್ನೆಲುಬು. ಕೊಯ್ಯುವ ಸಲಕರಣೆ, ಸಾಗಿಸುವ ಗಾಡಿ, ಪಳಗಿದ ಕೈ ಎಲ್ಲವೂ ಮೊದಲೇ ಸಿದ್ಧವಿದ್ದವು. 1883ರಲ್ಲಿ ಕೆನಡಾದ ಮಾಂಟ್ರಿಯಲ್ ತನ್ನ ಚಳಿಗಾಲದ ಕಾರ್ನಿವಲ್ಲಿಗೆ ಮೊದಲ ಅರಮನೆ ಕಟ್ಟಿತು. 1885ರಲ್ಲಿ ಆ ನಗರಕ್ಕೆ ಸಿಡುಬು ಬಡಿದು ಮರುವರ್ಷದ ಕಾರ್ನಿವಲ್ ನಿಂತುಹೋದಾಗ, ಅಮೆರಿಕದ ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ಆ ಅವಕಾಶ ಹಿಡಿಯಿತು. ತಮ್ಮೂರು ಮನುಷ್ಯರು ಬಾಳಲಾರದ ಇನ್ನೊಂದು ಸೈಬೀರಿಯ ಎಂದು ನ್ಯೂಯಾರ್ಕಿನ ಪತ್ರಿಕೆಯವರು ಬರೆದದ್ದು ಅಲ್ಲಿನವರಿಗೆ ಚುಚ್ಚಿತ್ತಂತೆ. 1886ರಲ್ಲಿ 106 ಅಡಿ ಎತ್ತರದ ಅರಮನೆ, 1888ರಲ್ಲಿ 130 ಅಡಿಯದು. ಚಳಿಯ ರಾಜ ಬೋರಿಯಸ್‌ನ ಅರಮನೆಯ ಮೇಲೆ ಬೆಂಕಿಯ ದೇವರು ವಲ್ಕನ್‌ನ ಕೆಂಪಂಗಿಯ ದಂಡು ದಾಳಿ ಮಾಡಿ ಗೆಲ್ಲುವ ಆಟ ಅಂದಿನಿಂದ ಇಂದಿಗೂ ಆ ಹಬ್ಬದಲ್ಲಿದೆ. ವಸಂತ ಬಂದೇ ಬರುತ್ತದೆ ಎಂದು ಇಡೀ ಊರೇ ಬೀದಿಯಲ್ಲಿ ಆಡಿ ತೋರಿಸುವ ಇಂಥ ಆಚರಣೆ ನನಗೆ ಬಹಳ ಇಷ್ಟ. ಆದರೆ ಅಲ್ಲಿ ಅರಮನೆ ಪ್ರತಿ ವರ್ಷ ಏಳುವುದಿಲ್ಲ. ಕೈತುಂಬ ದುಡ್ಡು ಕೂಡಿಬಂದ ವರ್ಷ ಮಾತ್ರ ದೊಡ್ಡದು ಕಟ್ಟುತ್ತಾರೆ.

ಹಣಕ್ಕಾಗಿಯೇ ಕಟ್ಟಿದ್ದೂ ಉಂಟು. ಕೊಲೊರಾಡೊದ ಲೆಡ್‌ವಿಲ್ ಸಮುದ್ರಮಟ್ಟದಿಂದ 3,100 ಮೀಟರ್ ಎತ್ತರದ ಬೆಳ್ಳಿಗಣಿಯ ಊರು. 1893ರಲ್ಲಿ ಬೆಳ್ಳಿಯ ಬೆಲೆ ಬಿದ್ದು ಗಣಿಗಳು ಮುಚ್ಚಿದವು. ರೈಲಿನಲ್ಲಿ ಪ್ರವಾಸಿಗರು ಬಂದಾರು, ಅಂಗಡಿಗಳಿಗೆ ಜೀವ ಬಂದೀತು ಎಂದು ಊರಿನವರು 5,000 ಟನ್ ಮಂಜುಗಡ್ಡೆಯಿಂದ, 90 ಅಡಿಯ ಗೋಪುರಗಳುಳ್ಳ ಅರಮನೆ ಕಟ್ಟಿ 1896ರ ಜನವರಿ 1ರಂದು ಬಾಗಿಲು ತೆರೆದರು. ಒಳಗೆ ಸ್ಕೇಟಿಂಗ್ ಅಂಗಳ, ನೃತ್ಯಶಾಲೆ. ಗಡ್ಡೆಗಳೊಳಗೆ ಹೂವು, ಮೀನುಗಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದರು. ಜನ ಬಂದರು, ಬೆರಗಾದರು, ಸಂಜೆಯ ರೈಲು ಹಿಡಿದು ಹೊರಟುಹೋದರು. ಊರಿಗೆ ಉಳಿದದ್ದು ನಷ್ಟ. ಮಾರ್ಚ್ ಕೊನೆಗೆ ಮುಚ್ಚಿದ ಅರಮನೆಯನ್ನು ಮತ್ತೆ ಕಟ್ಟಲಿಲ್ಲ.

ಇವೆಲ್ಲದರ ನಡುವೆ ನನ್ನ ಮನಸ್ಸು ನಿಂತದ್ದು ಒಂದು ಸಣ್ಣ ಊರಿನಲ್ಲಿ. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ ಅಡಿರಾಂಡ್ಯಾಕ್ ಬೆಟ್ಟಗಳಲ್ಲಿರುವ ಸ್ಯಾರನ್ಯಾಕ್ ಲೇಕ್ ಅದು. ಎರಡು ಬಾರಿ ಚಳಿಗಾಲದ ಒಲಿಂಪಿಕ್ಸ್ ನಡೆಸಿದ ಲೇಕ್ ಪ್ಲ್ಯಾಸಿಡ್‌ಗೆ ಕೂಗಳತೆಯಲ್ಲದಿದ್ದರೂ ಬಹಳ ಹತ್ತಿರ. ಒಂದು ಕಾಲದಲ್ಲಿ ಅದು ಕ್ಷಯರೋಗಿಗಳ ಊರು. ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರುಡೊ ಎಂಬ ವೈದ್ಯ ಸ್ವತಃ ಕ್ಷಯಕ್ಕೆ ತುತ್ತಾಗಿ, ಬದುಕುವ ಆಸೆ ಬಿಟ್ಟು 1873ರಲ್ಲಿ ಆ ಬೆಟ್ಟಗಳಿಗೆ ಬಂದು, ಅಲ್ಲಿನ ಗಾಳಿಯಲ್ಲಿ ಚೇತರಿಸಿಕೊಂಡ. 1880ರ ದಶಕದಲ್ಲಿ ಅಲ್ಲೇ ಸ್ಯಾನಟೋರಿಯಂ ತೆರೆದ. ಔಷಧವಿಲ್ಲದ ಕಾಲ. ವಿಶ್ರಾಂತಿ, ಒಳ್ಳೆಯ ಊಟ, ತಣ್ಣನೆಯ ತಾಜಾ ಗಾಳಿ, ಇಷ್ಟೇ ಚಿಕಿತ್ಸೆ. ಜನವರಿಯ ಕೊರೆಯುವ ಚಳಿಯಲ್ಲೂ ರೋಗಿಗಳು ಜಗಲಿಯ ಒರಗುಕುರ್ಚಿಗಳಲ್ಲಿ ತುಪ್ಪಳದ ಹೊದಿಕೆ ಸುತ್ತಿಕೊಂಡು ದಿನಕ್ಕೆ ಗಂಟೆಗಟ್ಟಲೆ ಮಲಗಿರಬೇಕಿತ್ತು. ಊರಿನ ಹಳೆಯ ಮನೆಗಳಿಗೆ ಗಾಜು ಹಾಕಿದ ಆ ಅಗಲವಾದ ಜಗಲಿಗಳು ಇಂದಿಗೂ ಇವೆ.

ಮನೆಯವರಿಂದ ದೂರ, ಎದೆಯಲ್ಲಿ ಕೆಮ್ಮು, ಮುಗಿಯದ ಚಳಿಗಾಲ. ಆ ಬೇಸರ ಮುರಿಯಲೆಂದು ಊರಿನ ಪಾಂಟಿಯಾಕ್ ಕ್ಲಬ್ 1897ರಲ್ಲಿ ಚಳಿಗಾಲದ ಕಾರ್ನಿವಲ್ ಶುರುಮಾಡಿತು. ಮರುವರ್ಷ ಮೊದಲ ಮಂಜಿನ ಅರಮನೆ ಎದ್ದಿತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು, 1954ರಲ್ಲಿ ಟ್ರುಡೊನ ಸ್ಯಾನಟೋರಿಯಂ ಮುಚ್ಚಿತು, ರೋಗಿಗಳ ಊರೆಂಬ ಹೆಸರೂ ಹಳತಾಯಿತು. ಅರಮನೆ ಮಾತ್ರ ಉಳಿದುಕೊಂಡಿತು. ನಡುವೆ ಬಿಟ್ಟುಹೋದ ವರ್ಷಗಳಿವೆ, ಆದರೂ ಇಂದಿಗೂ ಜನವರಿಯಲ್ಲಿ ಊರಿನವರು ಲೇಕ್ ಫ್ಲವರ್ ಎಂಬ ಕೆರೆಯ ದಡದಲ್ಲಿ ಸೇರುತ್ತಾರೆ.

ಅಲ್ಲಿ ಗೋಡೆ ಏಳುವುದನ್ನು ಹತ್ತಿರದಿಂದ ನೋಡಬೇಕು. ನಾಲ್ಕಡಿ ಉದ್ದ, ಎರಡಡಿ ಅಗಲದ ತುಂಡುಗಳು. ಒಂದಡಿ ದಪ್ಪವಿದ್ದರೂ ಒಂದೊಂದು 200 ಕಿಲೋ ದಾಟುತ್ತದೆ. ಕೆರೆಯಿಂದ ಎತ್ತಲು, ಎತ್ತರಕ್ಕೆ ಏರಿಸಲು ಈಗ ಯಂತ್ರಗಳಿವೆ; ಕೂರಿಸುವುದು, ಬೆಸೆಯುವುದು ಕೈಯಿಂದಲೇ. ಗಾರೆಯೆಂದರೆ ಹಿಮಕ್ಕೆ ಕೆರೆಯ ನೀರು ಕಲಸಿದ ಮುದ್ದೆ. ಬಕೆಟ್ಟುಗಳಲ್ಲಿ ಅದನ್ನು ಕಲಸಿ, ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾರೆ. ಗೋಡೆಯ ಬಳಿ ನಿಂತವರು ರಬ್ಬರಿನ ಗ್ಲೌಸು ಹಾಕಿದ ಕೈಯಿಂದಲೇ ಮುದ್ದೆಯನ್ನು ಸಂದಿಗೆ ತುರುಕಿ ನಯ ಮಾಡುತ್ತಾರೆ. ಅದು ಹೆಪ್ಪುಗಟ್ಟಿದ ಮೇಲೆ ಗೋಡೆಯೆಲ್ಲ ಒಂದೇ ಬಂಡೆ. ಶಾಲೆಯ ಮಕ್ಕಳು, ಬಡಗಿಗಳು, ನಿವೃತ್ತರು, ಅಂಗಡಿಯವರು, ಕೆಲಸ ಮುಗಿಸಿ ಒಂದು ಗಂಟೆ ಬಿಡುವಾದವರು, ಎಲ್ಲರೂ ಸಂಬಳವಿಲ್ಲದೆ ಬರುತ್ತಾರೆ. ಹತ್ತಿರದಲ್ಲಿದ್ದ ಸೆರೆಮನೆಯ ಕೈದಿಗಳೂ ಹಲವು ವರ್ಷ ಈ ಕೆಲಸಕ್ಕೆ ಕೈಜೋಡಿಸಿದ್ದರು. ಎಲ್ಲ ಮುಗಿದ ಮೇಲೆ ಒಳಗೆ ದೀಪ ಇಡುತ್ತಾರೆ, ಪಟಾಕಿ ಹಾರಿಸುತ್ತಾರೆ, ಯಾರು ಬೇಕಾದರೂ ಟಿಕೆಟಿಲ್ಲದೆ ಒಳಗೆ ಓಡಾಡಬಹುದು. ವೈದ್ಯ ಟ್ರುಡೊನ ಮರಿಮಗ, ಹೆಸರಾಂತ ವ್ಯಂಗ್ಯಚಿತ್ರಕಾರ ಗ್ಯಾರಿ ಟ್ರುಡೊ ಕಾರ್ನಿವಲ್ಲಿನ ಬಿಲ್ಲೆಗೆ ಬಹಳ ವರ್ಷಗಳಿಂದ ಚಿತ್ರ ಬರೆದುಕೊಡುತ್ತಿದ್ದಾರೆ.

ಲೆಡ್‌ವಿಲ್ಲಿನ ಅರಮನೆ ಒಂದೇ ಚಳಿಗಾಲಕ್ಕೆ ಮುಗಿದು, ಈ ಊರಿನದು ಶತಮಾನ ದಾಟಿ ಬಂದದ್ದೇಕೆ ಎಂದು ಯೋಚಿಸಿದರೆ ನನಗೆ ಸಿಗುವ ಉತ್ತರ ಇದು: ಲೆಡ್‌ವಿಲ್ ಬರಲಿರುವ ಜನರ ಜೇಬು ನೆನೆದು ಕಟ್ಟಿತು, ಸ್ಯಾರನ್ಯಾಕ್ ಲೇಕ್ ತನ್ನೂರಿನಲ್ಲೇ ಚಳಿಗಾಲ ಕಳೆಯಬೇಕಾದವರಿಗಾಗಿ ಕಟ್ಟಿತು. ಪ್ರವಾಸಿಗರು ಬರದ ವರ್ಷವೂ ಊರಿನವರಿಗೆ ಚಳಿಗಾಲ ಇದ್ದೇ ಇರುತ್ತದೆ. ಕೆನಡಾದ ಯೆಲ್ಲೋನೈಫ್‌ನಲ್ಲೂ ಇಂಥದ್ದೇ ಕಥೆ. ಗ್ರೇಟ್ ಸ್ಲೇವ್ ಸರೋವರದ ಮೇಲೆ ದೋಣಿಮನೆಗಳಲ್ಲಿ ಬಾಳುವವರು 1990ರ ದಶಕದಲ್ಲಿ ಮಕ್ಕಳಿಗೆ ಆಡಲೆಂದು ಕಟ್ಟಿದ ಹಿಮದ ಕೋಟೆ ಈಗ ಪ್ರತಿ ಮಾರ್ಚ್‌ನಲ್ಲಿ ನಡೆಯುವ ಹಬ್ಬ. ಹೆಪ್ಪುಗಟ್ಟಿದ ಸರೋವರವೇ ಅದರ ನೆಲ, ಆ ಸರೋವರದ ತಿಳಿ ಮಂಜುಗಡ್ಡೆಯೇ ಕಿಟಕಿಗಳ ಗಾಜು.

ಹಿಮದ ಕೋಟೆಗೂ ಮಂಜುಗಡ್ಡೆಯ ಕೋಟೆಗೂ ಕಟ್ಟುವ ಬಗೆಯಲ್ಲಿ ವ್ಯತ್ಯಾಸವಿದೆ. ಹಿಮದಲ್ಲಿ ಗಾಳಿ ತುಂಬಿರುವುದರಿಂದ ಅದು ಒಳಗಿನ ಉಷ್ಣತೆಯನ್ನು ಕಾಯುತ್ತದೆ. ಸ್ವೀಡನ್ನಿನ ಉತ್ತರದ ಯುಕ್ಕಸ್‌ಯಾರ್ವಿ ಹಳ್ಳಿಯಲ್ಲಿ ಟೋರ್ನೆ ನದಿಯ ದಡದ ಪ್ರಸಿದ್ಧ ಐಸ್ ಹೋಟೆಲಿನ ಕೋಣೆಗಳಲ್ಲಿ ಸೊನ್ನೆಗಿಂತ 5ರಿಂದ 8 ಡಿಗ್ರಿಯಷ್ಟೇ ಕಡಿಮೆ, ಹೊರಗೆ 30 ಡಿಗ್ರಿ ಕಡಿಮೆಯಿದ್ದರೂ. ಅತಿಥಿಗಳು ಹಿಮಸಾರಂಗದ ಚರ್ಮದ ಮೇಲೆ ದಪ್ಪನೆಯ ಮಲಗುಚೀಲದೊಳಗೆ ನಿದ್ದೆ ಮಾಡುತ್ತಾರೆ. ಆ ಗೋಡೆಗಳನ್ನು ಉಕ್ಕಿನ ಅಚ್ಚುಗಳ ಮೇಲೆ ಹಿಮ ಸಿಂಪಡಿಸಿ ಮಾಡುತ್ತಾರೆ, ಗಟ್ಟಿಯಾದ ಮೇಲೆ ಅಚ್ಚು ಎಳೆದುಬಿಡುತ್ತಾರೆ. ಹಿಮ ಮೇಲಿನ ಭಾರ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಹಾಗಾಗಿ ಸಮತಟ್ಟು ಚಾವಣಿ ಅಪಾಯ. ಎರಡು ತುದಿ ಹಿಡಿದು ಇಳಿಬಿಟ್ಟ ಸರಪಳಿಯನ್ನು ತಲೆಕೆಳಗು ಮಾಡಿದರೆ ಬರುವ ಆಕಾರದ ಕಮಾನೇ ಅಲ್ಲಿ ಕ್ಷೇಮ. ಅಷ್ಟಾದರೂ ಹಿಮ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರುತ್ತ, ಋತು ಮುಗಿಯುವ ಹೊತ್ತಿಗೆ ಚಾವಣಿ ಕೆಳಗಿಳಿದಿರುತ್ತದೆ. ಫಿನ್ಲೆಂಡಿನ ಕೆಮಿ ಬಂದರಿನಲ್ಲೂ 1996ರಲ್ಲಿ ಇಂಥ ಹಿಮದ ಕೋಟೆ ಎದ್ದಿತು.

ಗಾತ್ರದ ಮಾತು ಬಂದರೆ ಚೀನಾದ ಹಾರ್ಬಿನ್ ಮುಂದೆ ಯಾವುದೂ ನಿಲ್ಲದು. ಚಳಿಗಾಲದ ಇರುಳಲ್ಲಿ ಬಕೆಟ್ಟಿನ ನೀರು ಹೆಪ್ಪುಗಟ್ಟಿಸಿ, ನಡುವೆ ತೋಡಿ ದೀಪವಿಡುತ್ತಿದ್ದ ಹಳೆಯ ಜನರ ರೂಢಿಯಿಂದ 1963ರಲ್ಲಿ ಅಲ್ಲಿನ ಉದ್ಯಾನದಲ್ಲಿ ಮಂಜಿನ ದೀಪಗಳ ಪ್ರದರ್ಶನ ಹುಟ್ಟಿತು. 1999ರಲ್ಲಿ ದೊಡ್ಡ ಮಂಜಿನ ಉದ್ಯಾನ ಬಂತು. ಈಗ ಸೋಂಗ್‌ಹುವಾ ನದಿಯ ಮಂಜುಗಡ್ಡೆಯಿಂದ ಒಂದು ನಗರದಷ್ಟೇ ದೊಡ್ಡದಾಗಿ ಗೋಪುರ, ಸೇತುವೆ, ಜಾರುಬಂಡೆಗಳನ್ನು ಕಟ್ಟುತ್ತಾರೆ. ಅಲ್ಲಿ ಹೋದವರು ದೀಪಗಳ ಜೊತೆಗೆ ಡಿಸೆಂಬರಿನ ಬೆಳಗಿನ ಜಾವ ನದಿಯ ಮೇಲೆ ಗಡ್ಡೆ ಕೊಯ್ಯುವ ಕೂಲಿಗಳನ್ನೂ ನೆನೆಯಬೇಕು. ಆ ನಗರವೆಲ್ಲ ಅವರ ಬೆನ್ನ ಮೇಲೆ ಬಂದದ್ದು.

ಈ ಕಟ್ಟಡಗಳ ದೊಡ್ಡ ಶತ್ರು ಬಿಸಿಲು. ಗಾಳಿ ತಣ್ಣಗಿದ್ದರೂ ನೇರ ಬಿಸಿಲು ಗೋಡೆಯ ತೆಂಕಣ ಮೈಯನ್ನು ತಿನ್ನುತ್ತದೆ. ಲಡಾಖಿನಲ್ಲಿ ಸೋನಮ್ ವಾಂಗ್ಚುಕ್ 2013ರ ಚಳಿಗಾಲದಿಂದ ಬೆಳೆಸಿದ ಮಂಜಿನ ಸ್ತೂಪಗಳ ಗುಟ್ಟು ಇದರಲ್ಲೇ ಇದೆ. ಶಂಕುವಿನ ಆಕಾರದಲ್ಲಿ ಎತ್ತರಕ್ಕೆ ಹೆಪ್ಪುಗಟ್ಟಿದರೆ ಬಿಸಿಲಿಗೆ ಸಿಗುವ ಮೈ ಕಡಿಮೆ, ನೀರು ವಸಂತದ ಬಿತ್ತನೆಯವರೆಗೆ ಉಳಿಯುತ್ತದೆ. ಈಗ ಚಳಿಗಾಲಗಳೇ ಸೊರಗುತ್ತಿವೆ ಎಂಬುದು ಇನ್ನೂ ದೊಡ್ಡ ಸಂಕಟ. ಒಟ್ಟಾವಾದ ರಿಡೋ ಕಾಲುವೆಯ ಸ್ಕೇಟಿಂಗ್ ಹಾದಿ 2022-23ರ ಚಳಿಗಾಲದಲ್ಲಿ ಗಡ್ಡೆ ಸಾಕಷ್ಟು ದಪ್ಪಗಾಗದೆ ಚರಿತ್ರೆಯಲ್ಲೇ ಮೊದಲ ಬಾರಿಗೆ ತೆರೆಯಲೇ ಇಲ್ಲ. ಕೆರೆಯನ್ನೇ ನೆಚ್ಚಿದ ಹಬ್ಬಗಳಿಗೆ ಇದು ಹೊಟ್ಟೆಯಲ್ಲಿ ನಡುಕ ತರುವ ಸುದ್ದಿ.

ಇಂಥ ಅರಮನೆಗಳನ್ನು ನೋಡಲು ಹೋಗುವವರಿಗೆ ಕೆಲವು ಮಾತು. ಹತ್ತಿಯ ಬನಿಯನ್ ಬೇಡ, ಬೆವರಿಗೆ ಒದ್ದೆಯಾದರೆ ಮೈ ಕೊರೆಯುತ್ತದೆ. ಒಳಗೆ ಉಣ್ಣೆ ಅಥವಾ ಥರ್ಮಲ್, ಹೊರಗೆ ಗಾಳಿ ತಡೆಯುವ ಜಾಕೆಟ್. ಬೂಟು ಒಂದು ಸೈಜು ದೊಡ್ಡದಿರಲಿ, ಬಿಗಿಯಾದರೆ ಪಾದ ಬೇಗ ಮರಗಟ್ಟುತ್ತದೆ. ಫೋನಿನ ಬ್ಯಾಟರಿ ಚಳಿಗೆ ತಟ್ಟನೆ ಇಳಿಯುವುದರಿಂದ ಒಳಜೇಬಿನಲ್ಲಿಡಿ. ಹಿರಿಯರನ್ನು ಕರೆದೊಯ್ಯುವಾಗ ಜಾರದ ಹಾದಿ ಎಲ್ಲಿದೆ ಎಂದು ಮೊದಲೇ ಕೇಳಿ. ಹೊರಡುವ ಹಿಂದಿನ ದಿನ ಅರಮನೆ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ, ಒಂದು ಬೆಚ್ಚನೆಯ ವಾರ ಸಾಕು ಬಾಗಿಲು ಮುಚ್ಚಿಸಲು.

ಮಗ, ಮಗಳ ಮನೆಗೆಂದು ಚಳಿಗಾಲದಲ್ಲಿ ಅಮೆರಿಕದ ಪೂರ್ವ ಭಾಗಕ್ಕೆ ಹೋಗುವವರು ಇದ್ದರೆ ಸ್ಯಾರನ್ಯಾಕ್ ಲೇಕನ್ನು ಮರೆಯಬೇಡಿ. ಕಾರ್ನಿವಲ್ ನಡೆಯುವುದು ಫೆಬ್ರವರಿಯ ಆರಂಭದಲ್ಲಿ. ಆದರೆ ಸಾಧ್ಯವಾದರೆ ಒಂದು ವಾರ ಮುಂಚೆಯೇ ಹೋಗಿ, ಗೋಡೆ ಅರ್ಧ ಎದ್ದಿರುವಾಗ. ಅಲ್ಲಿ ಸ್ವಯಂಸೇವಕರಿಗೆ ಸ್ವಾಗತವಿದೆ. ಮೊಮ್ಮಕ್ಕಳ ಕೈಗೆ ಒಂದು ಬಕೆಟ್ಟು ಕೊಟ್ಟು ಸಾಲಿನಲ್ಲಿ ನಿಲ್ಲಿಸಿ.